ಸಂಡೂರಿನ ಕಂಪ್ಯೂಟರಿನಲ್ಲಿ ಅಕ್ರಮ ಗಣಿಗಾರಿಕೆ

ನಾನು ಕೆಲಸ ಮಾಡುತ್ತಿದ್ದ ಹೊಸಪೇಟೆಯ ಕಂಪ್ಯೂಟರ್ ಅಂಗಡಿಗೆ ಈಚೆಗೆ ಇಬ್ಬರು ಹುಡುಗಿಯರು ರಿಪೇರಿ ಕೆಲಸಕ್ಕೆ ಸೇರಿದ್ದಾರೆ. ಹೋದ ವಾರ ಮನೆಗೆ ಬಂದಿದ್ದರು. ಮಂಡಕ್ಕಿ ಮಿರ್ಚಿ ತಿಂದು, ಚಹಾ ಕುಡಿದು, ಎದ್ದು ಚಪ್ಪಲಿ ಹಾಕಿಕೊಂಡ ಮೇಲೆ ಬಂದ ಕೆಲಸ ನೆನಪಾಯಿತು. "ಮೇಡಂ, ಗೇಮ್ ಆಡೋ ಕಂಪ್ಯೂಟರಿಗೆ ಯಾವ ಆಂಟಿವೈರಸ್ ಹಾಕಿದ್ರ ಚಲೋ?" ಎಂದು ಕೇಳಿದರು.

ಒಂದು ಸಾಲಿನಲ್ಲಿ ಹೇಳಿ ಕಳಿಸಬಹುದಿತ್ತು. ಆದರೆ ಹೀಗೆ ಒಂದೇ ಸಾಲಿನಲ್ಲಿ ಹೇಳಿದ್ದರಿಂದಲೇ ಹಿಂದೊಮ್ಮೆ ಸಂಡೂರಿನ ಒಂದು ಕಂಪ್ಯೂಟರು ಊರು ಬಿಟ್ಟು ಓಡಿಹೋಗಿದೆ. ಆದ್ದರಿಂದ ಉದ್ದವಾಗಿಯೇ ಬರೆಯುತ್ತೇನೆ. ಓದುವಷ್ಟು ತಾಳ್ಮೆ ಇಲ್ಲದವರು ಈ ಕೆಲಸಕ್ಕೆ ಬರಬೇಡಿ. ನಮ್ಮ ಆಯುಷ್ಯದ ಅರ್ಧ ಭಾಗ ಕಂಪ್ಯೂಟರು ತಾನಾಗಿಯೇ ಆನ್ ಆಗುವುದನ್ನು ಕಾಯುವುದರಲ್ಲೇ ಹೋಗುತ್ತದೆ.

ನಾನು ಆ ಅಂಗಡಿಗೆ ಸೇರಿದ್ದು ಬಿಲ್ಲು ಬರೆಯಲು. ರಿಪೇರಿ ಮಾಡುತ್ತಿದ್ದಾತ ಮದುವೆಗೆಂದು ರಜೆ ಹಾಕಿ ಹೋದವನು ಹೆಂಡತಿಯ ಊರಿನಲ್ಲೇ ಅಂಗಡಿ ಇಟ್ಟುಬಿಟ್ಟ. ಮಾಲೀಕರಾದ ಮಲ್ಲೇಶಪ್ಪನವರು ಸ್ಕ್ರೂಡ್ರೈವರನ್ನು ನನ್ನ ಕೈಗಿಟ್ಟು, "ಸರೋಜಮ್ಮ, ನೀವು ಹೊಲಿಗಿ ಮಷೀನ್ ಬಿಚ್ಚಿ ಜೋಡಿಸ್ತೀರಂತಲ್ಲ, ಇದೂ ಅಷ್ಟ ಐತಿ" ಎಂದರು. ಅಷ್ಟೇ ಇರಲಿಲ್ಲ. ಆದರೆ ಹೊಲಿಗೆ ಮಷೀನು ಬಿಚ್ಚಿದವರಿಗೆ ಒಂದು ಒಳ್ಳೆಯ ಗುಣ ಬಂದಿರುತ್ತದೆ. ಜೋಡಿಸಿದ ಮೇಲೆ ಒಂದು ಸ್ಕ್ರೂ ಉಳಿದರೆ ಹೆದರುವುದಿಲ್ಲ.

ಹೆಂಗಸು ರಿಪೇರಿಗೆ ಬರುತ್ತಾಳೆಂದು ಆಗ ಯಾರೂ ಎಣಿಸುತ್ತಿರಲಿಲ್ಲ. ಸಂಡೂರಿನ ಒಂದು ಗಣಿ ಆಫೀಸಿಗೆ ಮೊದಲ ಸಲ ಹೋದಾಗ ಅಲ್ಲಿನ ಗುಮಾಸ್ತರು ನನ್ನ ಹಿಂದೆ ಇಣುಕಿ ನೋಡಿದರು.

"ರಿಪೇರಿಯವರು ಎಲ್ಲಿ ಅದಾರ್ರಿ?"

"ನಾನ ರೀ."

"ಇರ್ಲಿ, ಅವರು ಬರೋತನಕ ಕುಂದ್ರಿ."

ಕುಳಿತೆ. ಹೊತ್ತು ಹೋಗಬೇಕಲ್ಲ, ಕಂಪ್ಯೂಟರು ಬಿಚ್ಚಿದೆ. ಒಳಗೆ ಕೆಂಪು ಅದಿರಿನ ಧೂಳು ಕುಂಕುಮ ಭರಣಿಯ ಹಾಗೆ ತುಂಬಿತ್ತು. ಬ್ರಷ್ಷಿನಿಂದ ತೆಗೆದು, ಫ್ಯಾನು ತಿರುಗಿಸಿ, ಆನ್ ಮಾಡಿಕೊಟ್ಟೆ. ಗುಮಾಸ್ತರು ಬಿಲ್ಲಿಗೆ ಸಹಿ ಹಾಕಿ, ಗೇಟಿನವರೆಗೆ ಬಂದು, "ಪಾಪ, ನಿಮ್ಮ ರಿಪೇರಿಯವರು ಬರಲೇ ಇಲ್ಲ ನೋಡ್ರಿ" ಎಂದು ನನಗೇ ಸಮಾಧಾನ ಹೇಳಿದರು.

ಈಗ ಆಂಟಿವೈರಸ್ಸಿನ ಮಾತಿಗೆ ಬರುತ್ತೇನೆ. ಮಲ್ಲೇಶಪ್ಪನವರು ಆಂಟಿವೈರಸ್ ಆರಿಸುತ್ತಿದ್ದ ಕ್ರಮ ಬಹಳ ಸರಳವಾದದ್ದು. ಯಾವ ಕಂಪನಿಯವರು ಹತ್ತು ಡಬ್ಬಿ ಮಾರಿದರೆ ಗೋಡೆ ಗಡಿಯಾರ ಕೊಡುತ್ತಾರೋ ಅದೇ ಉತ್ತಮ ಆಂಟಿವೈರಸ್. ಮುಂದಿನ ವರ್ಷ ಇನ್ನೊಬ್ಬರು ಮಿಕ್ಸರ್ ಕೊಟ್ಟರೆ, ಹಳೆಯದರಲ್ಲಿ ದೋಷ ಕಾಣಿಸತೊಡಗುತ್ತಿತ್ತು. ಅವರ ಮನೆಯಲ್ಲಿ ಬಚ್ಚಲು ಬಿಟ್ಟು ಎಲ್ಲ ಕೋಣೆಗೂ ಒಂದೊಂದು ಗಡಿಯಾರ ಇತ್ತು, ಒಂದೂ ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಹಾಗೆಂದು ಅವರು ಕೆಟ್ಟವರಲ್ಲ. ಗಿರಾಕಿ ಬೈದರೆ ನನ್ನನ್ನು ಮುಂದೆ ತಳ್ಳದೆ ತಾವೇ ಬೈಸಿಕೊಳ್ಳುತ್ತಿದ್ದರು. ಅಂಥ ಮಾಲೀಕರು ಸಿಗುವುದು ಕಷ್ಟ.

ಹಂಪಿ ಬಜಾರಿನ ಆಚೆ ಗೆಸ್ಟ್ ಹೌಸ್ ಇಟ್ಟಿದ್ದ ಒಬ್ಬರದು ಬೇರೆ ಕ್ರಮ. ಅವರ ಕಂಪ್ಯೂಟರು ಆನ್ ಮಾಡಿ ವಿರೂಪಾಕ್ಷನ ದರ್ಶನ ಮುಗಿಸಿ ಬಂದರೂ ಪರದೆ ನೀಲಿಯೇ ಇರುತ್ತಿತ್ತು. ನೋಡಿದರೆ ಒಳಗೆ ಮೂರು ಆಂಟಿವೈರಸ್. "ಮೂರು ಯಾಕ್ರಿ?" ಎಂದೆ. "ಒಂದು ರಷ್ಯಾದ ಗೆಸ್ಟ್ ಹೇಳಿದ್ದು, ಒಂದು ಜರ್ಮನಿಯವರು ಹೇಳಿದ್ದು. ಇನ್ನೊಂದು ನಿಮ್ಮ ಮಲ್ಲೇಶಪ್ಪನವರು ಕೊಟ್ಟದ್ದು. ಯಾರ ಮಾತು ಮುರಿಲಿ ಹೇಳ್ರಿ" ಎಂದರು. ಈ ಆಂಟಿವೈರಸ್‌ಗಳು ಕಾವಲುಗಾರರಿದ್ದ ಹಾಗೆ. ಬಾಗಿಲಲ್ಲಿ ಹಾದುಹೋಗುವ ಪ್ರತಿಯೊಂದನ್ನೂ ತಡೆದು ತಡಕುತ್ತವೆ. ಮೂವರು ಕಾವಲುಗಾರರಿದ್ದರೆ ಒಬ್ಬ ತಡಕಿದ್ದನ್ನು ಇನ್ನೊಬ್ಬ ತಡಕುತ್ತಾನೆ, ಆಮೇಲೆ ಒಬ್ಬರನ್ನೊಬ್ಬರು ತಡಕುತ್ತಾರೆ. ಆ ಕಂಪ್ಯೂಟರಿನಲ್ಲಿ ಜರ್ಮನಿಯದು ರಷ್ಯಾದ್ದನ್ನು ವೈರಸ್ ಎಂದು ಹಿಡಿದು ಕೂಡಿಹಾಕಿತ್ತು. ಮಲ್ಲೇಶಪ್ಪನವರದು ಇಬ್ಬರ ಜಗಳ ನೋಡುತ್ತ ಸುಮ್ಮನಿತ್ತು.

ಇವೆಲ್ಲ ಲೆಕ್ಕ ಬರೆಯುವ, ಟಿಕೆಟ್ಟು ತೆಗೆಯುವ ಕಂಪ್ಯೂಟರುಗಳು. ನಿಧಾನವಾದರೆ ಬೈದುಕೊಂಡು ಕಾಯಬಹುದು. ಕಡೆಯ ವರ್ಷಗಳಲ್ಲಿ ಆಟದ ಕಂಪ್ಯೂಟರುಗಳು ಬಂದವು ನೋಡಿ, ಅಲ್ಲಿಂದ ನಮ್ಮ ಕೆಲಸದ ರೀತಿಯೇ ಬದಲಾಯಿತು. ಅಲ್ಲಿ ಕಣ್ಣು ಮಿಟುಕಿಸುವಷ್ಟು ತಡವಾದರೂ ಎದುರಾಳಿ ಹೊಡೆದು ಹಾಕಿರುತ್ತಾನೆ. ಆಂಟಿವೈರಸ್ ಆಟದ ನಡುವೆ ಎದ್ದು "ನಿಮ್ಮ ಸುರಕ್ಷತೆ ನಮ್ಮ ಹೊಣೆ" ಎಂದು ಪರದೆಯ ಮೂಲೆಯಲ್ಲಿ ಬೋರ್ಡು ಹಿಡಿದರೆ, ಆ ಬೋರ್ಡಿನ ಹಿಂದಿನಿಂದಲೇ ಗುಂಡು ಬರುತ್ತದೆ. ಹಾಗೆಂದು ಆಂಟಿವೈರಸ್ ತೆಗೆದೇ ಹಾಕಿದರೆ, ಆಟ ಆಡುವವರು ಕಂಡ ಕಂಡಲ್ಲಿಂದ ಇಳಿಸಿಕೊಳ್ಳುವ ಸಾಮಾನಿನಲ್ಲಿ ಹುಳ ಹತ್ತದೆ ಇರುವುದಿಲ್ಲ.

ಸಂಡೂರಿನ ಶಶಿಕಲಾಳ ಕಂಪ್ಯೂಟರು ಇಂಥದ್ದು.

ಶಶಿ ಬಿ.ಕಾಂ. ಮುಗಿಸಿ ತನ್ನ ತಂದೆಯ ಲಾರಿ ಆಫೀಸಿನ ಲೆಕ್ಕ ನೋಡುತ್ತಿದ್ದಳು. ತಂದೆ ಎರ್ರಿಸ್ವಾಮಿ. ಅದಿರು ಹೊರುವ ಟಿಪ್ಪರ್ ಲಾರಿಗಳ ಮಾಲೀಕರು, ದನಿ ದೊಡ್ಡದು, ಎದೆ ಅಷ್ಟು ದೊಡ್ಡದಲ್ಲ. "ಆಫೀಸಿನ ಲೆಕ್ಕಕ್ಕೂ ಆಕ್ಕೈತಿ" ಎಂದು ಮಗಳು ನಂಬಿಸಿ ಒಳ್ಳೆಯ ಆಟದ ಕಂಪ್ಯೂಟರನ್ನು ನಮ್ಮ ಅಂಗಡಿಯಿಂದಲೇ ಕೊಡಿಸಿಕೊಂಡಿದ್ದಳು. ದಿನಾ ಕೆಲಸ ಮುಗಿದ ಮೇಲೆ ಬೇರೆ ಬೇರೆ ಊರಿನ ನಾಲ್ವರು ಹುಡುಗಿಯರ ಜೊತೆ ತಂಡ ಕಟ್ಟಿಕೊಂಡು ಇಂಟರ್ನೆಟ್ಟಿನಲ್ಲಿ ಕೋವಿ ಹಿಡಿದು ಓಡಾಡುವ ಆಟ ಆಡುತ್ತಿದ್ದಳು. ಆ ಹುಡುಗಿಯರು ಒಬ್ಬರನ್ನೊಬ್ಬರು ಕಣ್ಣಾರೆ ಕಂಡಿರಲಿಲ್ಲ. ಮಾತು ಮಾತ್ರ ಕಿವಿಗೆ ಹಾಕಿಕೊಂಡ ಹೆಡ್‌ಫೋನಿನಲ್ಲಿ.

ಒಂದು ಗುರುವಾರ ಅಂಗಡಿಗೆ ಅವಳ ಫೋನು ಬಂತು. ದನಿಯಲ್ಲಿ ಅಳು ಇತ್ತು.

"ಅಕ್ಕಾ, ಎರಡು ಮ್ಯಾಚಿನ್ಯಾಗ ನಡುವ ಹ್ಯಾಂಗ್ ಆತು. ನನ್ನಿಂದ ಟೀಮ್ ಸೋತೈತಿ. ಭಾನುವಾರ ದೊಡ್ಡ ಮ್ಯಾಚ್ ಐತಿ, ಅವತ್ತೂ ನಿಂತ್ರ ಬ್ಯಾರೇರನ್ನ ತಗೋತೀವಿ ಅಂತ ಹೇಳ್ಯಾರ. ಅವರದೂ ತಪ್ಪಿಲ್ಲ. ಇನ್ನ ಅಪ್ಪ ಅಂತೂ, 'ಭಾನುವಾರ ನಿಂತ್ರ ಸೋಮವಾರ ಇದು ಲಾರಿ ಆಫೀಸಿಗೆ, ಆಟ ಬಂದ್' ಅಂದಾನ."

ನನಗೆ ಆ ಆಟದ ತಲೆಬುಡ ತಿಳಿಯುವುದಿಲ್ಲ. ಆದರೆ 'ನನ್ನಿಂದ ಟೀಮ್ ಸೋತೈತಿ' ಎಂಬ ಮಾತು ನಾಟಿತು. ಅಂಗಡಿಯಲ್ಲೇ ಕುಳಿತು, ಇಂಟರ್ನೆಟ್ಟಿನ ಮೂಲಕ ಅವಳ ಕಂಪ್ಯೂಟರಿನ ಒಳಗೆ ಹೊಕ್ಕು ನೋಡಿದೆ.

ವಿಚಿತ್ರ ಕಂಡಿತು. ಯಾವ ಆಟವೂ ನಡೆಯದಿದ್ದರೂ ಯಂತ್ರ ಏದುಸಿರು ಬಿಡುತ್ತಿತ್ತು. ಒಳಗೆ ಏನೇನು ಕೆಲಸ ನಡೆಯುತ್ತಿದೆ ಎಂದು ತೋರಿಸುವ ಕಿಟಕಿ ತೆರೆದರೆ ತಟ್ಟನೆ ಎಲ್ಲ ಶಾಂತ. ಮುಚ್ಚಿದರೆ ಮತ್ತೆ ಏದುಸಿರು. ಸಾಹೇಬರ ಜೀಪಿನ ಧೂಳು ಕಂಡಾಗ ಪಿಕಾಸಿ ಕೆಳಗಿಟ್ಟು, ಜೀಪು ಹೋದ ಮೇಲೆ ಮತ್ತೆ ಎತ್ತಿಕೊಳ್ಳುತ್ತಿದ್ದ ಕಾಲವೊಂದು ನಮ್ಮ ಕಡೆ ಇತ್ತಲ್ಲ, ಥೇಟ್ ಹಾಗೆ. ಆಗಲೇ ಗುರುತು ಹತ್ತಿತು. ಇದೊಂದು ಬಗೆಯ ಕಳ್ಳ ಪ್ರೋಗ್ರಾಮು. ಎಲ್ಲೋ ಕುಳಿತ ಯಾವನೋ ನಮ್ಮ ಕಂಪ್ಯೂಟರಿನ ಶಕ್ತಿ ಕದ್ದು, ಹಗಲಿರುಳು ಲೆಕ್ಕ ಮಾಡಿಸಿ, ಇಂಟರ್ನೆಟ್ಟಿನಲ್ಲಿ ಚಲಾವಣೆಯಾಗುವ ನಾಣ್ಯ ಗಳಿಸಿಕೊಳ್ಳುತ್ತಾನೆ. ಈ ಕೆಲಸಕ್ಕೆ ನಮ್ಮ ಕಸುಬಿನಲ್ಲಿ ಒಂದು ಹೆಸರಿದೆ. ಆ ಹೆಸರೇ ಎಡವಟ್ಟು ಮಾಡಿದ್ದು.

ಶಶಿ ಅಷ್ಟರಲ್ಲಿ ಊಟಕ್ಕೆ ಎದ್ದು ಹೋಗಿದ್ದಳು. ತಂದೆಗಾದರೂ ತಿಳಿಸೋಣ ಎಂದು ಎರ್ರಿಸ್ವಾಮಿಗೆ ಫೋನ್ ಹಚ್ಚಿದೆ.

"ಎರ್ರಿಸ್ವಾಮಿಯವರ, ತೊಂದರಿ ಗೊತ್ತಾತ್ರಿ. ನಿಮ್ಮ ಕಂಪ್ಯೂಟರಿನ್ಯಾಗ ಯಾರೋ ಕದ್ದು ಮೈನಿಂಗ್ ಮಾಡಾಕತ್ತಾರ."

ಆ ದೊಡ್ಡ ದನಿ ಪಿಸುಗುಟ್ಟಿತು. "ಎಷ್ಟ್ ದಿನದಿಂದ?"

"ಒಂದೆರಡು ತಿಂಗಳಾಗಿರಬೇಕ್ರಿ."

"ಯಾರ ಹೆಸರ್ನ್ಯಾಗ?"

"ಕಂಪ್ಯೂಟರ್ ನಿಮ್ಮದು, ಕರೆಂಟ್ ನಿಮ್ಮದು. ನಿಮ್ಮ ಹೆಸರ್ನ್ಯಾಗ ಅಂತ ತಿಳ್ಕೋರಿ. ಲಾಭ ಮಾತ್ರ ಅವರದು."

"ಮ್ಯಾಲಿನವರಿಗೆ ಗೊತ್ತಾಗೇತೇನು?"

ಮೇಲಿನವರು ಎಂದರೆ ಮಾಳಿಗೆಯ ಮೇಲಿನ ಕೋಣೆಯ ಶಶಿ ಎಂದುಕೊಂಡೆ. "ಇನ್ನೂ ಇಲ್ರಿ, ನೀವ ಹೇಳ್ರಿ" ಎಂದೆ. ಫೋನು ಕಟ್ಟಾಯಿತು. ಚಾರ್ಜು ಮುಗಿದಿರಬೇಕು ಎಂದು ನಾನು ಬುತ್ತಿ ಬಿಚ್ಚಿದೆ.

ಮರುದಿನ ಬೆಳಿಗ್ಗೆ ಸಂಡೂರಿನ ಬಸ್ಸು ಹಿಡಿದು ಅವರ ಮನೆಗೆ ಹೋದರೆ, ಶಶಿಯ ಮೇಜಿನ ಮೇಲೆ ಕಂಪ್ಯೂಟರಿಲ್ಲ. ಕೆಂಪು ಧೂಳಿನ ನಡುವೆ ಅದು ಇದ್ದ ಜಾಗ ಮಾತ್ರ ಚೌಕವಾಗಿ ಸ್ವಚ್ಛವಾಗಿತ್ತು. ಶಶಿ ಕೆಂಡವಾಗಿ ಮೂಲೆಯಲ್ಲಿ ಕುಳಿತಿದ್ದಳು. ಎರ್ರಿಸ್ವಾಮಿ ಪಡಸಾಲೆಯಲ್ಲಿ ಪೇಪರು ಹಿಡಿದಿದ್ದರು, ತಲೆಕೆಳಗಾಗಿ.

"ಕಂಪ್ಯೂಟರ್ ಎಲ್ಲೈತ್ರಿ?"

"ಯಾವ ಕಂಪ್ಯೂಟರ್? ನಮ್ಮನ್ಯಾಗ ಕಂಪ್ಯೂಟರ್ ಇಲ್ಲ."

"ನಾನ ಬಂದು ಜೋಡಿಸಿ ಹೋಗೀನಲ್ರಿ!"

"ನೀವೂ ಇಲ್ಲಿಗೆ ಬಂದಿಲ್ಲ ಅಕ್ಕಾರ. ಯಾರರ ಕೇಳಿದ್ರ ಹಂಗ ಹೇಳ್ರಿ. ನಿಮಗೂ ಚಲೋ, ನಮಗೂ ಚಲೋ."

ನನಗೆ ರೇಗಿತು. ಬಸ್ಸಿನಲ್ಲಿ ನಿಂತುಕೊಂಡು ಬಂದವಳನ್ನು ಬಂದೇ ಇಲ್ಲ ಎಂದರೆ ಯಾರಿಗೆ ತಾನೇ ರೇಗುವುದಿಲ್ಲ? ಜೋರು ಮಾಡಿದ ಮೇಲೆ, ಬಾಗಿಲು ಹಾಕಿ ಬಂದು ಬಾಯಿ ಬಿಟ್ಟರು. ಗಣಿ ಗದ್ದಲದ ಕಾಲದಲ್ಲಿ ಅವರ ಎರಡು ಲಾರಿ ಪರ್ಮಿಟ್ಟಿನ ತಕರಾರಿನಲ್ಲಿ ಸಿಕ್ಕಿ, ಠಾಣೆಯ ಮುಂದೆ ನಿಂತು ತುಕ್ಕು ಹಿಡಿದಿದ್ದವಂತೆ. "ಅಲ್ಲಿಂದ ಮೈನಿಂಗ್ ಅನ್ನೋ ಶಬ್ದ ಕೇಳಿದ್ರ ನನಗ ನೀರು ಸೈತ ಇಳಿಯಂಗಿಲ್ಲ ನೋಡ್ರಿ. ಮನಿ ಒಳಗ, ಮಗಳ ಮೇಜಿನ ಮ್ಯಾಲ, ಎರಡು ತಿಂಗಳಿಂದ ಅಕ್ರಮ ಗಣಿ ನಡದೈತಿ ಅಂದ್ರ ಹೆಂಗ ಸುಮ್ನ ಕುಂದ್ರಲಿ?"

ನಾನು ನಗಬೇಕೋ ಅಳಬೇಕೋ ತಿಳಿಯದೆ ವಿವರಿಸಿದೆ. ಇದು ಆ ಗಣಿಯಲ್ಲ. ಮಣ್ಣಿಲ್ಲ, ಅದಿರಿಲ್ಲ, ಲಾರಿಯೂ ಇಲ್ಲ.

"ಪರ್ಮಿಟ್?"

"ಬೇಕಾಗಿಲ್ಲ."

"ಹಂಗಾದ್ರ ನನ್ನ ಕರೆಂಟು ಸುಟ್ಟು ಯಾವನೋ ರೊಕ್ಕ ಹೊಡ್ಯಾಕತ್ತಾನ?"

"ಹೌದ್ರಿ."

"ಅವನೌವ್ನ!" ಎಂದು ಎದ್ದು ನಿಂತರು. ಭಯ ಇಳಿದ ಜಾಗಕ್ಕೆ ಸಿಟ್ಟು ಏರಿತು. ದನಿಯೂ ಮೊದಲಿನ ಅಳತೆಗೆ ಬಂತು.

ಈ ಹುಳ ಬಂದದ್ದೆಲ್ಲಿಂದ ಎಂದು ಕೇಳಿದಾಗ ಇನ್ನೊಂದು ಸಂಗತಿ ಹೊರಬಿತ್ತು. ಮಗಳ ಕಂಪ್ಯೂಟರಿಗೆ ರಕ್ಷಣೆ ಬೇಕೆಂದು ಎರ್ರಿಸ್ವಾಮಿಯವರೇ ಒಬ್ಬ ಡ್ರೈವರನ ಪೆನ್ ಡ್ರೈವಿನಿಂದ ಒಂದು ಆಂಟಿವೈರಸ್ ಹಾಕಿಸಿದ್ದರು. "ಫುಲ್ ವರ್ಷನ್, ಫ್ರೀ" ಎಂದು ಆತ ಹೇಳಿದ್ದನಂತೆ. ಆ ಆಂಟಿವೈರಸ್ಸೇ ಕಳ್ಳ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

"ಅಪ್ಪಾ!" ಎಂದಳು ಶಶಿ. ಅದೊಂದೇ ಮಾತು. ಎರ್ರಿಸ್ವಾಮಿ ಪೇಪರನ್ನು ನೆಟ್ಟಗೆ ಮಾಡಿ ಹಿಡಿದುಕೊಂಡರು.

ಕಂಪ್ಯೂಟರು ಕಂಪ್ಲಿಯಲ್ಲಿತ್ತು. ಅಲ್ಲಿ ಎರ್ರಿಸ್ವಾಮಿಯವರ ಅಕ್ಕ ಗಂಗಮ್ಮನವರ ಮನೆ. ಗಂಗಮ್ಮನವರ ಯಜಮಾನರು ಪಂಪಾಪತಿ, ಅಕ್ಕಿ ಗಿರಣಿ ನಡೆಸುವವರು. "ಇದನ್ನ ಯಾರಿಗೂ ಕಾಣದಂಗ ಇಡು ಭಾವ, ಕಾರಣ ಕೇಳಬ್ಯಾಡ" ಎಂದು ಅವರಿಗೆ ಹೇಳಿ ಎರ್ರಿಸ್ವಾಮಿ ಲಾರಿಯಲ್ಲಿ ಕಳಿಸಿಬಿಟ್ಟಿದ್ದರು. ತಂದೆ, ಮಗಳು, ನಾನು ಮೂವರೂ ಶನಿವಾರ ಬೆಳಿಗ್ಗೆ ಕಂಪ್ಲಿ ತಲುಪಿದೆವು.

ಪಂಪಾಪತಿಯವರು ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವ ಮನುಷ್ಯ. ಗಿರಣಿಯ ಹಿಂದೆ ಕರೆದುಕೊಂಡು ಹೋಗಿ, ಆಳೆತ್ತರದ ತೌಡಿನ ರಾಶಿ ತೋರಿಸಿ, "ಇಲ್ಲಿ ಹುಗದೀನಿ. ದೇವರಾಣೆ ಯಾರಿಗೂ ಸಿಗಂಗಿಲ್ಲ" ಎಂದರು. ಸಿಗಲೂ ಇಲ್ಲ. ಅವರಿಗೇ ಎಲ್ಲಿ ಹೂತದ್ದೆಂದು ಮರೆತುಹೋಗಿತ್ತು. ಸಲಿಕೆ ಹಾಕಬೇಡಿ ಎಂದು ನಾನು ಕೂಗಿಕೊಳ್ಳುತ್ತಿದ್ದಂತೆ ಹಮಾಲರು ಕೈಯಿಂದಲೇ ತೌಡು ಸರಿಸಿ ಅದನ್ನು ಎತ್ತಿದರು. ಶಶಿಯ ಕಂಪ್ಯೂಟರಿಗೆ ಬಣ್ಣದ ದೀಪದ ಫ್ಯಾನುಗಳು, ಗಾಜಿನ ಪಕ್ಕೆ. ಆ ಗಾಜಿನೊಳಗೆ ಈಗ ಕುತ್ತಿಗೆಮಟ್ಟ ತೌಡು. ಅಲ್ಲಿದ್ದ ಒಂದು ಎಮ್ಮೆ ಆಸೆಯಿಂದ ಹತ್ತಿರ ಬಂತು.

ಕೆಲಸಕ್ಕೆ ಬಾರದ ಮಾತಿಗೆ 'ತೌಡು ಕುಟ್ಟುವುದು' ಎನ್ನುತ್ತಾರಲ್ಲ, ತೌಡು ಊದುವುದು ಅದಕ್ಕಿಂತ ಕಷ್ಟದ ಕೆಲಸ. ಒಂದೊಂದೇ ಭಾಗ ಬಿಚ್ಚಿ, ಬ್ರಷ್ಷಿನಲ್ಲಿ ಒರೆಸಿ, ಊದಿ ಊದಿ ನನ್ನ ಕೆನ್ನೆ ನೋಯತೊಡಗಿತು. ಶಶಿ ಫ್ಯಾನಿನ ರೆಕ್ಕೆಗಳನ್ನು ಬಟ್ಟೆಯಿಂದ ಒರೆಸುತ್ತ ಕುಳಿತಿದ್ದಳು. ನಡುವೆ ಒಮ್ಮೆ ಮೆಲ್ಲಗೆ ಹೇಳಿದಳು.

"ಅಕ್ಕಾ, ಊರಾಗ ನನಗ ಗೆಳತ್ಯಾರು ಯಾರೂ ಉಳದಿಲ್ಲ. ಎಲ್ಲಾರೂ ಲಗ್ನ ಆಗಿ ಹೋದ್ರು. ಈ ನಾಲ್ವರ ಅದಾರ. ಅಪ್ಪಗ ಇದು ಬರೇ ಆಟ ಅಂತ ಅನಸ್ತೈತಿ."

ಎರ್ರಿಸ್ವಾಮಿ ಬಾಗಿಲಲ್ಲೇ ನಿಂತಿದ್ದರು. ಕೇಳಿಸಿತೋ ಇಲ್ಲವೋ, ತಿರುಗಿ ಹೋದರು.

ಮಧ್ಯಾಹ್ನಕ್ಕೆ ಯಂತ್ರ ಜೀವ ಹಿಡಿಯಿತು. ಕಳ್ಳ ಹೊಕ್ಕ ಮನೆಯಲ್ಲಿ ಒಬ್ಬನನ್ನು ಹೊರಗೆ ಹಾಕಿದರೆ ಸಾಲದು, ಇನ್ನೆಲ್ಲಿ ಅಡಗಿದ್ದಾನೋ ತಿಳಿಯದು. ಹಾಗಾಗಿ ಎಲ್ಲವನ್ನೂ ಅಳಿಸಿ ಮೊದಲಿನಿಂದ ಹಾಕಿದೆ. ಗಿರಣಿ ಆಫೀಸಿನಲ್ಲಿ ಬಿಲ್ಲು ಕಳಿಸಲೆಂದು ಒಳ್ಳೆಯ ಇಂಟರ್ನೆಟ್ ಲೈನು ಇತ್ತು. ಅಷ್ಟು ದೊಡ್ಡ ಆಟವನ್ನು ಮತ್ತೆ ಇಳಿಸಿಕೊಳ್ಳಲು ಅದೇ ಅನುಕೂಲ. ಭಾನುವಾರದ ಮ್ಯಾಚನ್ನೂ ಅಲ್ಲಿಂದಲೇ ಆಡುವುದೆಂದು ಗೊತ್ತಾಯಿತು.

ಆಮೇಲೆ ಆಂಟಿವೈರಸ್ ಆರಿಸುವ ಪ್ರಶ್ನೆ ಬಂತು. ಕನ್ಯೆ ನೋಡಲು ಬಂದವರ ಹಾಗೆ ಎಲ್ಲರೂ ಕುರ್ಚಿ ಎಳೆದುಕೊಂಡು ಕುಳಿತರು. ಎರ್ರಿಸ್ವಾಮಿಗೆ ಈಗ ಜಗತ್ತಿನಲ್ಲೇ ಬಲಿಷ್ಠವಾದದ್ದು ಬೇಕು.

"ಎರಡು ಹಾಕ್ರಿ ಅಕ್ಕಾರ. ಒಂದು ಮಲಗಿದ್ರ ಇನ್ನೊಂದು ಎದ್ದಿರಲಿ."

ನಾನು ಬಾಯಿ ತೆರೆಯುವ ಮೊದಲೇ ಪಂಪಾಪತಿ ತಡೆದರು. ನಮ್ಮ ಕಡೆ ಹೊಲಕ್ಕೆ ಹೊಡೆಯುವ ಹುಳದ ಔಷಧಿಗೆ ಎಣ್ಣಿ ಎನ್ನುತ್ತಾರೆ. ಅವರು ಆ ಲೆಕ್ಕದಲ್ಲೇ ಹೇಳಿದರು. "ಅಲ್ಲಲೇ ಸ್ವಾಮಿ, ಹೋದ ವರ್ಷ ಎಮ್ಮಿಗನೂರಾಗ ನಮ್ಮ ಗದ್ದಿಗೆ ಎರಡು ಎಣ್ಣಿ ಬೆರಸಿ ಹೊಡದ್ವಿ. ಹುಳ ಆರಾಮ ಇತ್ತು, ಭತ್ತ ಸುಟ್ಟು ಹೋತು. ಇದೂ ಹಂಗ ಇರಬೇಕು. ಹೌದಲ್ರಿ ಅಕ್ಕಾರ?"

ಇಷ್ಟು ವರ್ಷ ಮೂವರು ಕಾವಲುಗಾರರ ಕಥೆ ಹೇಳಿ ಗಿರಾಕಿಗಳಿಗೆ ಮಂಪರು ಬರಿಸುತ್ತಿದ್ದೆ. ಇವರು ಒಂದು ಗದ್ದೆಯಲ್ಲಿ ಮುಗಿಸಿದರು. ಅಂದಿನಿಂದ ನಾನೂ ಅದೇ ಮಾತು ಹೇಳುತ್ತ ಬಂದೆ. ನೀವೂ ಹೇಳಿ.

ಅಷ್ಟರಲ್ಲಿ ಮಲ್ಲೇಶಪ್ಪನವರ ಫೋನು. "ಸರೋಜಮ್ಮ, ಹ್ಯಾಂಗೂ ಹೋಗೀರಿ, ಒಂದು ಡಬ್ಬಿ ದಾಟಿಸಿ ಬರ್ರಿ. ಈ ಸಲ ಇಸ್ತ್ರಿ ಪೆಟ್ಟಿಗಿ ಐತಿ." ನೆಟ್‌ವರ್ಕ್ ಇಲ್ಲ ಎಂದು ಹೇಳಿ ಇಟ್ಟುಬಿಟ್ಟೆ.

ನಾನು ಉಳಿಸಿದ್ದು ಕಂಪ್ಯೂಟರಿನ ಜೊತೆಗೇ ಬರುವ ಕಾವಲನ್ನು. ಮೊದಲು ಅದು ಹೆಸರಿಗಷ್ಟೇ ಇತ್ತು, ಈಗ ಚೆನ್ನಾಗಿ ಬಲಿತಿದೆ. ಹೆಚ್ಚು ಜಾಗ ತಿನ್ನುವುದಿಲ್ಲ, ಆಟ ನಡೆಯುವಾಗ ಬೋರ್ಡು ಹಿಡಿದು ಅಡ್ಡ ಬಾರದಂತೆ ಮಾಡಬಹುದು. ಇಡೀ ಯಂತ್ರ ತಡಕುವ ಕೆಲಸವನ್ನು ಬೆಳಿಗ್ಗೆ ಶಶಿ ಲೆಕ್ಕ ಬರೆಯುವ ಹೊತ್ತಿಗೆ ಗೊತ್ತು ಮಾಡಿದೆ. ತಾನಾಗಿ ಅಪ್‌ಡೇಟ್ ಆಗುವುದನ್ನು ಮಾತ್ರ ನಿಲ್ಲಿಸಲಿಲ್ಲ. ಆಟದವರು ಮೊದಲು ಅದನ್ನೇ ನಿಲ್ಲಿಸಿ ಎನ್ನುತ್ತಾರೆ, ನೀವು ಒಪ್ಪಬೇಡಿ. ಲೆಕ್ಕವಿಲ್ಲದಷ್ಟು ಪೆನ್ ಡ್ರೈವು ಚುಚ್ಚುವ ಮನೆಯಾದರೆ, ಬ್ಯಾಂಕಿನ ಕೆಲಸವೂ ಅದರಲ್ಲೇ ಆಗುವುದಾದರೆ, ದುಡ್ಡು ಕೊಟ್ಟು ಒಳ್ಳೆಯದೊಂದನ್ನು ಹಾಕಿಸಿ. ಅದನ್ನು ಕಂಪನಿಯವರಿಂದಲೇ ಕೊಳ್ಳಿ. ಹಾಕಿದ ಮೇಲೆ ಅವರ ಆಟ ಒಂದು ಸುತ್ತು ಆಡಿಸಿ ನೋಡಿ, ಆಮೇಲೆಯೇ ಎದ್ದು ಬನ್ನಿ.

ಎರ್ರಿಸ್ವಾಮಿಗೆ ಸಮಾಧಾನವಾಗಲಿಲ್ಲ. "ಮತ್ತ ಫ್ರೀನಾ? ಫ್ರೀನ ಅಲ್ಲೇನ್ರಿ ನಮ್ಮನ್ನ ಹಾಳು ಮಾಡಿದ್ದು?"

"ಹಟ್ಯಾಗ ಹುಟ್ಟಿದ ನಾಯಿನೂ ಫ್ರೀ, ಬೀದಿಯಿಂದ ಹಿಡಕೊಂಡು ಬಂದದ್ದೂ ಫ್ರೀ. ಎರಡೂ ಒಂದ ಏನ್ರಿ?" ಎಂದೆ. ಹೌದೆನ್ನುವಂತೆ ತಲೆಯಾಡಿಸಿದರು, ಆದರೆ ಮುಖ ಒಪ್ಪಲಿಲ್ಲ.

ಭಾನುವಾರ ಹನ್ನೊಂದಕ್ಕೆ ಮ್ಯಾಚು. ಆಡಿಸಿ ನೋಡೋಣವೆಂದು ಶಶಿ ಬೆಳಿಗ್ಗೆ ಕುಳಿತಾಗ ಹೊಸ ಸಂಕಟ ಕಾಣಿಸಿತು. ಗಿರಣಿಯ ದೊಡ್ಡ ಮೋಟಾರು ಶುರುವಾದೊಡನೆ ಕರೆಂಟು ಕುಸಿದು ಕಂಪ್ಯೂಟರು ಕಣ್ಣು ಮುಚ್ಚಿತು. ಪಂಪಾಪತಿ ಹೊರಗೆ ಸಾಲುಗಟ್ಟಿದ್ದ ಭತ್ತದ ಟ್ರ್ಯಾಕ್ಟರುಗಳನ್ನು ನೋಡಿದರು, ಶಶಿಯನ್ನು ನೋಡಿದರು. ಅಡುಗೆಮನೆಯಿಂದ ಗಂಗಮ್ಮ ಬಂದರು.

"ನಿಮ್ಮ ಗಿರಣಿ ನಾಳೆನೂ ತಿರುಗ್ತೈತಿ. ಬಂದ್ ಮಾಡ್ರಿ."

ಗಿರಣಿ ನಿಂತಿತು. ಅಂಥ ನಿಶ್ಶಬ್ದ ಆ ಅಂಗಳಕ್ಕೆ ಅಮಾವಾಸ್ಯೆಗೊಮ್ಮೆ ಬರುವಂಥದ್ದು. ಹಮಾಲರು ಒಬ್ಬೊಬ್ಬರಾಗಿ ಬಂದು ಆಫೀಸಿನ ಕಿಟಕಿಯಲ್ಲಿ ನಿಂತರು. ಟ್ರ್ಯಾಕ್ಟರಿನವರು ಒಳಗೇನು ಎಂದು ಕೇಳಿದರೆ ಪಂಪಾಪತಿ, "ನಮ್ಮ ಅಳಿಯನ ಮಗಳ ಪರೀಕ್ಷಾ ನಡದೈತಿ" ಎಂದುಬಿಟ್ಟರು. ಗಾಬರಿಯಲ್ಲಿ ಭಾವಮೈದ ಅಳಿಯನಾಗಿದ್ದ.

ಆಟ ಶುರುವಾಯಿತು. ಹೆಡ್‌ಫೋನಿನ ಕಿವಿಗೆ ತೌಡು ಹೊಕ್ಕು ಅದು ಕೆಟ್ಟಿದ್ದರಿಂದ, ಸ್ಪೀಕರಿನಲ್ಲೇ ಆ ನಾಲ್ವರ ಮಾತು ಎಲ್ಲರಿಗೂ ಕೇಳುತ್ತಿತ್ತು. "ಶಶಿ, ಎಡಕ್ಕ ನೋಡ", "ಶಶಿ ಅಕ್ಕಾ, ನಿಮ್ಮ ಹಿಂದ!" ನನಗೆ ಆಟ ಕಾಣಲಿಲ್ಲ. ಯಂತ್ರದ ಫ್ಯಾನಿನ ಸದ್ದು ಮಾತ್ರ ಕೇಳುತ್ತ, ಎಲ್ಲಿ ಏದುಸಿರು ಬರುವುದೋ ಎಂದು ಸೆರಗಿನ ತುದಿ ಹಿಂಡುತ್ತ ನಿಂತಿದ್ದೆ. ಎರ್ರಿಸ್ವಾಮಿ ಸ್ವಿಚ್ ಬೋರ್ಡಿನ ಪಕ್ಕ ನಿಂತಿದ್ದರು.

ಎರಡೂ ಕಡೆ ಗೆಲುವು ಸಮಸಮವಾಗಿ, ಕಡೆಯ ಸುತ್ತು ಬಂತು. ಅದರಲ್ಲಿ ಶಶಿಯ ಕಡೆಯ ನಾಲ್ವರೂ ಒಬ್ಬೊಬ್ಬರಾಗಿ ಬಿದ್ದರು. ಎದುರು ಇಬ್ಬರು ಉಳಿದಿದ್ದಾರೆ, ಈ ಕಡೆ ಶಶಿ ಒಬ್ಬಳೇ. ಸ್ಪೀಕರಿನಲ್ಲಿ ಮಾತು ನಿಂತಿತು. ಪರದೆಯಲ್ಲಿ ಒಂದು ಹಾಳು ಗೋಡೆ, ಗೋಡೆಯ ಅಂಚಿಗೆ ಕೋವಿಯ ಮೂತಿ. ಯಾವುದೂ ಅಲುಗಲಿಲ್ಲ. ಇನ್ನೂ ಅಲುಗಲಿಲ್ಲ.

"ನಿಂತ್ ಬಿಡ್ತು!" ಎಂದು ಉಸುರಿದರು ಎರ್ರಿಸ್ವಾಮಿ. ಟಿವಿ ನಿಂತರೂ ಲಾರಿ ಆಫೀಸಿನ ಪ್ರಿಂಟರು ನಿಂತರೂ ಅವರಿಗೆ ಗೊತ್ತಿದ್ದ ರಿಪೇರಿ ಒಂದೇ, ಸ್ವಿಚ್ ಆರಿಸಿ ಮತ್ತೆ ಹಾಕುವುದು. ಅವರ ಕೈ ಸ್ವಿಚ್ಚಿಗೆ ಹೋಗೇಬಿಟ್ಟಿತು.

ಪರದೆಯ ಮೂಲೆಯಲ್ಲಿ ಆಟದ ಗಡಿಯಾರದ ಅಂಕಿ ಓಡುತ್ತಿದ್ದುದು ಆಗ ನನ್ನ ಕಣ್ಣಿಗೆ ಬಿತ್ತು. ಯಂತ್ರ ನಿಂತಿಲ್ಲ, ಹುಡುಗಿ ನಿಂತಿದ್ದಾಳೆ! ಹೊಂಚು ಹಾಕಿ ಉಸಿರು ಬಿಗಿಹಿಡಿದು ನಿಂತಿದ್ದಾಳೆ! ನಾನು ಹಾರಿ ಎರ್ರಿಸ್ವಾಮಿಯ ರಟ್ಟೆ ಹಿಡಿದೆ. ಇಬ್ಬರೂ ಮುಗ್ಗರಿಸಿ ಗೋಣಿಚೀಲಗಳ ಮೇಲೆ ಬಿದ್ದೆವು. ಬಿದ್ದಲ್ಲಿಂದಲೇ ಕೇಳಿಸಿತು, ಢಂ ಎಂದು ಒಂದು, ಒಡನೆಯೇ ಇನ್ನೊಂದು.

ಸ್ಪೀಕರು ಒಡೆಯುವ ಹಾಗೆ ನಾಲ್ವರೂ "ಗೆದ್ವಿ!" ಎಂದು ಕಿರುಚಿದರು. ಏನು ನಡೆಯಿತೆಂದು ತಿಳಿಯದ ಹಮಾಲರೂ ಕಿಟಕಿಯಲ್ಲಿ ಶಿಳ್ಳೆ ಹಾಕಿದರು. ಶಶಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅಳತೊಡಗಿದಳು. "ಶಶಿ ಅಕ್ಕಾ, ಅಳಬ್ಯಾಡ್ರಿ, ನೀವು ಅತ್ರ ನಾನೂ ಅಳ್ತೀನಿ" ಎಂದು ಅದರಲ್ಲೊಬ್ಬಳು ಆಗಲೇ ಅಳುತ್ತ ಹೇಳುತ್ತಿದ್ದಳು.

ಎರ್ರಿಸ್ವಾಮಿ ಗೋಣಿಚೀಲದಿಂದ ಎದ್ದು, ಅಂಗಿಯ ತೌಡು ಕೊಡವಿಕೊಂಡು, ಮಗಳ ಹಿಂದೆ ಬಂದು ನಿಂತರು. ಸ್ಪೀಕರಿನಿಂದ ಬರುತ್ತಿದ್ದ ಆ ದನಿಗಳನ್ನು ಬಹಳ ಹೊತ್ತು ಕೇಳಿದರು. ಅವರಿಗೆ ಏನೋ ಹೇಳಬೇಕಾಗಿತ್ತು, ಎಲ್ಲಿಗೆ ಹೇಳಬೇಕೆಂದು ತಿಳಿಯಲಿಲ್ಲ. ನಾನು ಮೇಜಿನ ಮೇಲಿನ ಮೈಕು ತೋರಿಸಿದೆ. ಬಗ್ಗಿ, ಅದಕ್ಕೆ ಬಾಯಿ ತಾಗಿಸಿ, ಲಾರಿ ಸ್ಟ್ಯಾಂಡಿನ ದನಿಯಲ್ಲಿ ಕೇಳಿದರು.

"ನಾ ಶಶಿ ಅಪ್ಪ ಮಾತಾಡ್ತೀನಿ. ಊಟ ಆತೇನ್ರವ್ವಾ?"

ಆ ಕಡೆಯಿಂದ ಒಂದು ಸಣ್ಣ ದನಿ ಬಂತು. "ಇನ್ನೂ ಇಲ್ರಿ, ಕಾಕಾ."

"ಮೊದಲ ಉಣ್ರಿ" ಎಂದರು ಎರ್ರಿಸ್ವಾಮಿ. "ಉಂಡು ಒಂದೀಟು ಮಕ್ಕೋರಿ. ನಾಳೆ ಆಟಕ್ಕ ನಮ್ಮಾಕಿ ಬರ್ತಾಳ."